ದೀಪ ಉರಿದರೆ ಸಾಲದು

ತಿಂಗಳ ಕೊನೆಗೆ ಪಗಾರದ ಪಟ್ಟಿ ಬ್ಯಾಂಕಿಗೆ ಮುಟ್ಟದಿದ್ದರೆ ಊರಿಗೆ ಕಳಿಸುವ ಹಣವೂ ತಡವಾಗುತ್ತದೆ. ಆಗ ನಾವು ಗುಮಾಸ್ತರು “ಸರ್ವರ್ ಕೆಟ್ಟಿದೆ” ಎಂದು ಸುಮ್ಮನಾಗುತ್ತೇವೆ. ಎಷ್ಟೋ ವೇಳೆ ಕೆಟ್ಟಿರುವುದು ಸರ್ವರಲ್ಲ. ಅದರ ಬಾಗಿಲು, ಅಂದರೆ ನೆಟ್‌ವರ್ಕ್ ಇಂಟರ್‌ಫೇಸ್.

ನಮ್ಮ ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ‘ಪರಮ್ 8000’ ಮಹಾಗಣಕವನ್ನು ನಿರ್ಮಿಸಿತು. ಅನೇಕ ಚಿಕ್ಕ ಸಂಸ್ಕಾರಕಗಳನ್ನು ಒಂದಕ್ಕೊಂದು ಜೋಡಿಸಿದ್ದರಲ್ಲೇ ಅದರ ಬಲವಿತ್ತು. ಕೊಂಡಿ ಕಳಚಿದರೆ ಎಂಥ ಗಣಕವೂ ಒಂಟಿಯೇ.

ಲಿನಕ್ಸ್ ಸರ್ವರಿನಲ್ಲಿ ‘ಐಪಿ ಲಿಂಕ್’ ಎಂಬ ಆಜ್ಞೆಯನ್ನು ಕೊಟ್ಟು ಈ ಕ್ರಮದಲ್ಲಿ ನೋಡಬೇಕು.

ಮೊದಲನೆಯದು ‘ಅಪ್’. ಬಾಗಿಲು ತೆರೆಯಲು ಅಪ್ಪಣೆಯಾಗಿದೆ ಎಂದಷ್ಟೇ ಇದರ ಅರ್ಥ.

ಎರಡನೆಯದು ‘ಲೋವರ್ ಅಪ್’. ಆಚೆ ತುದಿಯೊಡನೆ ತಂತಿಯ ಸಂಪರ್ಕ ಕೂಡಿದೆ ಎಂದರ್ಥ. ಮೊದಲನೆಯದಿದ್ದು ಇದಿಲ್ಲವಾದರೆ ತಂತಿಯನ್ನೂ ಸ್ವಿಚ್ಚನ್ನೂ ಪರೀಕ್ಷಿಸಬೇಕು.

ಮೂರನೆಯದು ತಪ್ಪುಗಳ ಲೆಕ್ಕ. ಆಜ್ಞೆಯ ಎರಡು ಪದಗಳ ನಡುವೆ ಒಂದು ಅಡ್ಡಗೆರೆ ಹಾಗೂ ‘ಎಸ್’ ಅಕ್ಷರ ಸೇರಿಸಿದರೆ ಇದು ಕಾಣುತ್ತದೆ. ಈ ಲೆಕ್ಕ ಹಿಂದಿನಿಂದ ಕೂಡುತ್ತ ಬಂದದ್ದು. ಆದ್ದರಿಂದ ಅಂಕಿಯನ್ನು ಬರೆದಿಟ್ಟುಕೊಂಡು ಹತ್ತು ನಿಮಿಷದ ತರುವಾಯ ಮತ್ತೆ ನೋಡಿರಿ. ಏರುತ್ತಿದ್ದರೆ, ಹಸಿರು ದೀಪ ಉರಿಯುತ್ತಿದ್ದರೂ ತಂತಿಯಲ್ಲೋ ಕಾರ್ಡಿನಲ್ಲೋ ದೋಷವಿರಬಹುದು.

ಮೂರೂ ಸರಿಯಿದ್ದು ಪಟ್ಟಿ ಹೋಗದಿದ್ದರೆ, ದೋಷವನ್ನು ವಿಳಾಸದಲ್ಲಿ ಅಥವಾ ಮುಂದಿನ ದಾರಿಯಲ್ಲಿ ಹುಡುಕಬೇಕು.

ಹಾಜರಿ ವಹಿಯಂತೆ ಇದಕ್ಕೂ ಒಂದು ವಹಿ ಇಟ್ಟು ದಿನಾಲು ಬೆಳಿಗ್ಗೆ ಬರೆದಿಡೋಣ. ದೋಷವು ಪಗಾರದ ದಿನಕ್ಕಿಂತ ಮೊದಲೇ ಕಣ್ಣಿಗೆ ಬೀಳಲಿ.