ನೀವು ಓದಿ, ಮಗು ಕೇಳಲಿ

ಅವಿನಾಶಿ, ಕೊಯಮತ್ತೂರು ಕಡೆಯ ದೇವಾಂಗ ಮನೆಗಳಲ್ಲಿ ಮಾತು ಕನ್ನಡ, ಶಾಲೆ ತಮಿಳು ಇಲ್ಲವೆ ಇಂಗ್ಲಿಷು. ಕನ್ನಡ ಮಾತಾಡುವ ಎಷ್ಟೋ ಮಕ್ಕಳಿಗೆ ಕನ್ನಡದ ಅಕ್ಷರ ಬಾರದು. ವಿಜ್ಞಾನದಲ್ಲಿ ಆಸೆ ಹುಟ್ಟಿಸುವ ಪುಸ್ತಕ ಯಾವುದೆಂದು ಕೇಳುವ ತಾಯ್ತಂದೆಯರಿಗೆ ನಾನು ಮೊದಲು ಹೇಳುವುದಿಷ್ಟೆ: ಮಗುವಿಗೆ ಓದಲು ಬರದಿದ್ದರೂ ಕೇಳಲು ಬರುತ್ತದೆ. ಮನೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರಿದ್ದರೆ ಸಾಕು. ಅದು ಅಜ್ಜನಾದರೆ ಇನ್ನೂ ಒಳ್ಳೆಯದು.

ಹನ್ನೆರಡು ದಾಟಿದ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿ ಸಸ್ಯಶಾಸ್ತ್ರ ಕಲಿಸಿದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತ ಕಾಡು ಮೇಡು ಅಲೆದದ್ದನ್ನು ಬರೆದದ್ದು ಮಾತ್ರ ಕನ್ನಡದಲ್ಲಿ, ಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮಿಳುನಾಡಿನಲ್ಲಿ ಬಾಳಿದ ಕನ್ನಡಿಗರೊಬ್ಬರ ಪುಸ್ತಕ ಎಂಬ ಕಾರಣಕ್ಕೇ ನಿಮ್ಮ ಮನೆಗೆ ಅದು ಹತ್ತಿರದ್ದು. ಒಂದೇ ಸಲಕ್ಕೆ ಮುಗಿಸಬೇಡಿ. ಲ್ಯಾಟಿನ್ ಹೆಸರು ಬಂದರೆ ದಾಟಿ ಮುಂದೆ ಹೋಗಿ, ನಗು ಬರುವ ಕಡೆ ನಿಧಾನಿಸಿ.

ಇನ್ನೂ ಚಿಕ್ಕವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಹಿಡಿಸುತ್ತದೆ. ನಾಯಿ, ಹಕ್ಕಿ, ತೋಟ, ಕಾಡು ಎಲ್ಲ ಅದರಲ್ಲಿ ಇವೆ. ಸ್ವಲ್ಪ ದೊಡ್ಡವರಾದ ಮೇಲೆ ‘ಕರ್ವಾಲೊ’. ಅದರಲ್ಲಿ ಹಾರುವ ಓತಿಯ ಹುಡುಕಾಟವಿದೆ, ಮತ್ತು ಹಾರುವ ಓತಿ ಪಶ್ಚಿಮ ಘಟ್ಟದ ಕಾಡಿನಲ್ಲಿ ನಿಜಕ್ಕೂ ಉಂಟು. ಕನ್ನಡ ಓದುವವರು ಯಾರೂ ಇಲ್ಲದ ಮನೆಯಲ್ಲಿ ತಮಿಳುನಾಡು ವಿಜ್ಞಾನ ವೇದಿಕೆಯ ಮಕ್ಕಳ ಪತ್ರಿಕೆ ‘ತುಳಿರ್’ ತರಿಸಿ, ಅದರ ಬಗ್ಗೆ ಮನೆಮಾತಿನಲ್ಲಿ ಹರಟಿ. ಅದೂ ಓದೇ.

ಪುಸ್ತಕ ಬದುಕು ತಿರುಗಿಸೀತೇ ಎಂದು ಕೆಲವರಿಗೆ ಅನುಮಾನ. ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಸಂಭಾಷಣೆಗಳು ಅವನನ್ನು ಹಿಡಿದುಕೊಂಡವು. ಓದಿದ್ದು ನಿಜವೇ ಎಂದು ಕೈಲಾದ ಸಣ್ಣ ಪ್ರಯೋಗ ಮಾಡಿ ನೋಡಿದ. ಅದೇ ಫ್ಯಾರಡೆ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಒಂದು ಮೇಣದ ಬತ್ತಿಯ ಮೇಲೆಯೇ ಉಪನ್ಯಾಸಮಾಲೆ ಕೊಟ್ಟ; 1861ರಲ್ಲಿ ಅದು ಪುಸ್ತಕವಾಯಿತು.

ಅದರಲ್ಲಿನ ಒಂದು ಪ್ರಯೋಗ ಇವತ್ತು ಕರೆಂಟು ಹೋದಾಗ ಮಾಡಿ. ಗಾಳಿಯಾಡದ ಕೋಣೆಯಲ್ಲಿ ಬತ್ತಿ ಹಚ್ಚಿ, ಚೆನ್ನಾಗಿ ಉರಿದ ಮೇಲೆ ಮೆಲ್ಲನೆ ಊದಿ ಆರಿಸಿ. ಬಿಳಿ ಹೊಗೆಯ ಎಳೆ ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ, ಒಂದೆರಡು ಅಂಗುಲ ಮೇಲೆ ಆ ಹೊಗೆಗೆ ಮಾತ್ರ ತಾಗಿಸಿ. ಬೆಂಕಿ ಹೊಗೆಯ ದಾರಿ ಹಿಡಿದು ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಬರಿಯ ದಾರವಲ್ಲ, ಆವಿಯಾದ ಮೇಣ ಎಂದು ತಕ್ಷಣ ಹೇಳಿಬಿಡಬೇಡಿ. ಮಗು ಮೂರು ಸಲ ಮಾಡಿ ನೋಡಲಿ, ತಾನೇ ಏನೋ ಒಂದು ಊಹಿಸಲಿ. ಕಡ್ಡಿ ನಿಮ್ಮ ಕೈಯಲ್ಲೇ ಇರಲಿ.

ಓದಿದ್ದಕ್ಕೆ ಪ್ರಶ್ನೋತ್ತರ ಮಾತ್ರ ಇಡಬೇಡಿ. ಎಷ್ಟೋ ಮನೆಗಳಲ್ಲಿ ಈ ಒಂದು ಅಭ್ಯಾಸವೇ ಓದಿನ ರುಚಿ ಕೆಡಿಸಿದ್ದನ್ನು ನೋಡಿ ಬೇಸರಪಟ್ಟಿದ್ದೇನೆ. ಹಕ್ಕಿಯ ಕತೆ ಓದಿದ ವಾರ ತಿರುಪ್ಪೂರಿನ ನಂಜರಾಯನ್ ಕೆರೆಗೆ ಹೋಗಿ ಬನ್ನಿ. ಈ ಪಕ್ಷಿಧಾಮ 2024ರಲ್ಲಿ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿದೆ, ಅವಿನಾಶಿಯಿಂದ ದೂರವೇನಲ್ಲ. ಬೆಳಿಗ್ಗೆ ಬೇಗ ಹೊರಡಿ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ‘ನನಗೂ ಗೊತ್ತಿಲ್ಲ ಕಣೋ, ಕೊಕ್ಕು ಹೇಗಿದೆ ನೋಡಿಕೋ’ ಅನ್ನಿ. ಮನೆಗೆ ಬಂದು ಇಬ್ಬರೂ ಕೂತು ಹುಡುಕಿ.