ತೃಣಪುರುಷನ ಗಾನ

ಹೊಲದ ನಡುವೆ ಹರಕು ಅಂಗಿ ತೊಟ್ಟು, ಮಡಕೆಯ ತಲೆ ಹೊತ್ತು ನಿಂತ ಬೆದರುಗೊಂಬೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಬೆರ್ಚಪ್ಪನೆಂದು ಕರೆಯುವುದೂ ಉಂಟು. ಸಂಸ್ಕೃತದಲ್ಲಿ ಅದಕ್ಕೆ ‘ಚಂಚಾ’ ಎಂದು ಹೆಸರು. ಅಂಥ ಗೊಂಬೆಯಂತಿರುವ ಮನುಷ್ಯನೂ ‘ಚಂಚಾ’ ಎನಿಸಿಕೊಳ್ಳುವನೆಂದು ಪಾಣಿನಿಯ ಸೂತ್ರವೊಂದಕ್ಕೆ ಕಾಶಿಕಾವೃತ್ತಿಯು ಉದಾಹರಣೆ ಕೊಡುತ್ತದೆ. ಸಾದೃಶ್ಯವನ್ನು ಹೇಳುವ ಪ್ರತ್ಯಯ ಅಲ್ಲಿ ಲೋಪವಾಗುತ್ತದೆ. ‘ಅಂತೆ’ ಎಂಬುದು ಅಳಿದು ಮನುಷ್ಯನೇ ಗೊಂಬೆಯಾಗಿ ಉಳಿಯುತ್ತಾನೆ. ಈ ವ್ಯಾಕರಣವನ್ನು ಓದಿದ ನಾನೇ ಒಮ್ಮೆ, ಪಾಠ ಒಪ್ಪಿಸಲಾರದೆ ನಿಂತ ಬಾಲಕನೊಬ್ಬನನ್ನು ತರಗತಿಯೆಲ್ಲ ನಗುವಂತೆ ಬೆದರುಗೊಂಬೆಯೆಂದು ಕರೆದೆನು. ಅವನು ಮರುಮಾತಾಡಲಿಲ್ಲ. ಗೊಂಬೆಗೆ ಬಾಯಿ ಕೊಟ್ಟ ರಂಗಗೀತೆಗಳನ್ನು ವಿಚಾರಿಸುವಾಗಲೆಲ್ಲ ಆ ಮೌನ ನೆನಪಾಗುತ್ತದೆ.

ಇಂಥ ಗೀತೆಗಳಲ್ಲಿ ಪ್ರಸಿದ್ಧವಾದುವು ಅಮೆರಿಕದವು. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಪ್ರಕಟಿಸಿದ, ಓಜ್ ಎಂಬ ಕಲ್ಪಿತ ದೇಶದ ಮಾಂತ್ರಿಕನ ಕಥೆಯೇ ಅವುಗಳ ಮೂಲ. ಅದರಲ್ಲಿ ರೈತನು ಗೊಂಬೆಗೆ ಕಣ್ಣಿಗಿಂತ ಮೊದಲು ಕಿವಿಯನ್ನು ಬರೆಯುತ್ತಾನೆ. ಆದುದರಿಂದ ಅದು ಲೋಕವನ್ನು ನೋಡುವ ಮುನ್ನವೇ ಕೇಳುತ್ತದೆ. ಮುದಿ ಕಾಗೆಯೊಂದು ಹೆಗಲ ಮೇಲೆ ಕುಳಿತು, ಒಳಗಿರುವುದು ಬರಿಯ ಹುಲ್ಲೆಂದು ಕಂಡುಕೊಂಡು, ಮಿದುಳೊಂದಿದ್ದರೆ ನೀನೂ ಮನುಷ್ಯರಿಗೆ ಸಮನೆಂದು ಸಮಾಧಾನ ಹೇಳುತ್ತದೆ. ಅಂದಿನಿಂದ ಗೊಂಬೆಗೆ ಅದೊಂದೇ ಹಂಬಲ. ಆದರೆ ದಾರಿಯಲ್ಲಿ ಕಂದಕ ಅಡ್ಡಬಂದಾಗ, ಮರವನ್ನು ಕಡಿದು ಸೇತುವೆಯಾಗಿ ಉರುಳಿಸುವ ಉಪಾಯ ಹೊಳೆಯುವುದು ಅದಕ್ಕೇ!

ಈ ಕಥೆ 1902ರಲ್ಲಿ ಷಿಕಾಗೋದಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ ಸಂಗೀತನಾಟಕವಾಯಿತು. ಫ್ರೆಡ್ ಸ್ಟೋನ್ ಗೊಂಬೆಯ ಪಾತ್ರ ವಹಿಸಿದನು. 1939ರ ಚಲನಚಿತ್ರದಲ್ಲಿ ರೇ ಬೋಲ್ಜರ್ ಹಾಡಿದ ಗೀತೆಗೆ ಸಾಹಿತ್ಯ ಹಾರ್ಬರ್ಗನದು, ಸಂಗೀತ ಹೆರಾಲ್ಡ್ ಆರ್ಲೆನ್ನನದು. ಮಟ್ಟು ಮಾತ್ರ ಹೊಸದಲ್ಲ. 1937ರ ನಾಟಕವೊಂದಕ್ಕೆಂದು ರಚಿಸಿ ಕೈಬಿಟ್ಟ ಹಾಡಿನದು. ತಗಡಿನ ಮನುಷ್ಯನೂ ಸಿಂಹವೂ ಅದೇ ಮಟ್ಟಿಗೆ ತಮ್ಮ ತಮ್ಮ ಕೊರತೆಯನ್ನು ಹಾಡಿಕೊಳ್ಳುತ್ತವೆ. (ಒಂದೇ ಮಟ್ಟಿಗೆ ಬೇರೆ ಬೇರೆ ಸಾಹಿತ್ಯ ಕೂಡಿಸುವ ರೂಢಿ ನಮ್ಮ ಕಂಪನಿ ನಾಟಕಗಳಲ್ಲಿಯೂ ಇದ್ದಿತು.) ಗೊಂಬೆಯು ತನಗೆ ಮಿದುಳಿಲ್ಲವೆಂದು ಹಾಡುವುದಾದರೂ ಎಷ್ಟು ಚತುರವಾದ ಪ್ರಾಸಗಳಲ್ಲಿ! ಅರ್ಥ ಒಂದನ್ನು ಹೇಳುತ್ತಿರಲು ಪ್ರಾಸವು ಅದನ್ನು ಅಲ್ಲಗಳೆಯುತ್ತದೆ. ಕೊನೆಗೆ ಮಾಂತ್ರಿಕನು ಮಿದುಳಿಗೆ ಬದಲಾಗಿ ಪದವಿಪತ್ರವನ್ನು ಕೊಡುತ್ತಾನೆ. ಗೊಂಬೆಯು ಒಡನೆಯೇ ತ್ರಿಕೋನದ ಪ್ರಮೇಯವೊಂದನ್ನು ಗಂಭೀರವಾಗಿ ಒಪ್ಪಿಸುತ್ತದೆ; ಒಪ್ಪಿಸುವುದು ತಪ್ಪಾಗಿ. ಉಪಾಧ್ಯಾಯರಾದ ನಾವು ನಗುವ ಮೊದಲು ತುಸು ಯೋಚಿಸಬೇಕಾದ ಸನ್ನಿವೇಶವಿದು.

1975ರಲ್ಲಿ ಕರಿಯ ಕಲಾವಿದರು ಈ ಕಥೆಯನ್ನೇ ‘ದಿ ವಿಜ್’ ಎಂಬ ಹೆಸರಿನಿಂದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ತಂದರು. 1978ರ ಅದರ ಚಿತ್ರರೂಪದಲ್ಲಿ ಗೊಂಬೆಯಾದವನು ಮೈಕೇಲ್ ಜಾಕ್ಸನ್. ಕಂಬಕ್ಕೆ ತೂಗುಬಿದ್ದ ಗೊಂಬೆಯಿಂದ ಕಾಗೆಗಳು ಗೆಲುವೇ ಇಲ್ಲವೆಂಬ ಹಾಡನ್ನು ಹೇಳಿಸುತ್ತವೆ. ಚಾರ್ಲಿ ಸ್ಮಾಲ್ಸ್ ರಚಿಸಿದ ಈ ಹಾಡನ್ನು ಹಿಂದಿನದಕ್ಕಿಂತ ಆಳವಾದುದೆಂದು ನಾನು ಎಣಿಸುತ್ತೇನೆ. ಹಿಂದಿನ ಗೊಂಬೆ ತನ್ನ ಹಂಬಲವನ್ನು ಹಾಡಿತು. ಇದು ಕಾಗೆಗಳು ಕಲಿಸಿದ ಪಾಠವನ್ನು ಒಪ್ಪಿಸುತ್ತದೆ. ಇದರ ಒಡಲಲ್ಲಿ ತುಂಬಿರುವುದು ಕಾಗದದ ಚೂರುಗಳು. ಅವನ್ನು ಹೊರಗೆಳೆದು ಹಿರಿಯರ ನುಡಿಗಳನ್ನು ಓದುತ್ತಲೇ ಅದು ತನಗೆ ಬುದ್ಧಿಯಿಲ್ಲವೆಂದು ನಂಬಿರುತ್ತದೆ.

ನಮ್ಮ ತರಗತಿಯ ಆ ಬಾಲಕನ ಒಳಗೆ ಅಂದು ಏನಿದ್ದಿತೋ! ನಾನು ಕೇಳಲಿಲ್ಲ.