ಗಣಿತಕ್ಕಿಂತ ಮೊದಲು ನಿದ್ದೆ

ಅಮ್ಮಾ, ನಿಮ್ಮ ಪತ್ರದ ತುಂಬ ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳ ಗಣಿತದ ಅಂಕದ್ದೇ ಮಾತು. ಅವಳು ರಾತ್ರಿ ಒಂದರವರೆಗೆ ಎದ್ದಿರುತ್ತಾಳೆ, ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಎನ್ನುತ್ತಾಳೆ ಎಂಬುದು ಮಾತ್ರ ಕೊನೆಯ ಸಾಲಿನಲ್ಲಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆ ನೋವನ್ನು ನೆಪ ಎಂದು ಬೈಯಬೇಡಿ. ಆತಂಕ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದುಂಟು. ಒಮ್ಮೆ ವೈದ್ಯರಿಗೂ ತೋರಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹತ್ತು ಗಂಟೆಗೆ ಪುಸ್ತಕ ಮುಚ್ಚಿಸಿ.

ಇನ್ನು ಓದು. ಗೈಡಿನ ಉತ್ತರ ನೋಡಿ ತಲೆಯಾಡಿಸಿದರೆ ಲೆಕ್ಕ ಬರುವುದಿಲ್ಲ. ಉತ್ತರ ಮುಚ್ಚಿಟ್ಟು ತಾನೇ ಬಿಡಿಸಲಿ. ಎಲ್ಲಿ ಸಿಕ್ಕಿಕೊಳ್ಳುತ್ತಾಳೋ ಆ ಸಾಲಿಗೆ ಗುರುತು ಹಾಕಲಿ. ‘ಗಣಿತ ಅರ್ಥವಾಗಲ್ಲ’ ಅನ್ನುವ ಬದಲು ‘ವರ್ಗಸಮೀಕರಣದಲ್ಲಿ ಮಧ್ಯಪದ ಒಡೆಯಲು ಬರುತ್ತಿಲ್ಲ ಸಾರ್’ ಎಂದರೆ ಮೇಷ್ಟ್ರಿಗೂ ಹೇಳಿಕೊಡುವುದು ಸುಲಭ.

ಒಂದು ಪರೀಕ್ಷೆಯೇ ಕೊನೆಯಲ್ಲ, ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಇದನ್ನು ಅವಳಿಗೆ ಹೇಳಿದ್ದೀರಾ? ಚಿಕ್ಕಪ್ಪನ ಮಗನಿಗೆ 625ಕ್ಕೆ 610 ಬಂತು ಎಂಬ ಸುದ್ದಿಯಂತೂ ದಿನಾ ಹೇಳುತ್ತಿರುತ್ತೀರಿ, ಅದನ್ನು ನಿಲ್ಲಿಸಿ.

ಅವಳು ಊಟ ಬಿಟ್ಟರೆ ಅಥವಾ ‘ನಾನಿದ್ದೇನು ಪ್ರಯೋಜನ’ ಎಂದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.